ಹೆಸರಿಲ್ಲದ ಕಸೂತಿ

ಕೂಡ್ಲಿಗಿಯಿಂದ ಬೆಂಗಳೂರಿಗೆ ಹೋದವರ ಕಣ್ಣಿಗೆ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವು ಉಕ್ಕಿನ ನೀರಿನ ತೊಟ್ಟಿಯಂತೆ ಕಂಡರೆ ಆಶ್ಚರ್ಯವಿಲ್ಲ. ತೊಟ್ಟಿಯ ತಗಡನ್ನು ನೆನೆದೇ ವಾಸ್ತುಶಿಲ್ಪಿಗಳು ಅದರ ಹೊರಮೈಯನ್ನು ರಚಿಸಿದ್ದಾರೆ. 2023ರ ಫೆಬ್ರವರಿಯಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ಆಧುನಿಕ ವರ್ಣಚಿತ್ರ, ಹಳೆಯ ಛಾಯಾಚಿತ್ರ, ಸಿನಿಮಾ ಭಿತ್ತಿಪತ್ರ, ನೇಯ್ದ ಬಟ್ಟೆ, ಎಲ್ಲಕ್ಕೂ ಅಲ್ಲಿ ಒಂದೇ ಸೂರು. ನಿತ್ಯ ಬಳಕೆಯ ವಸ್ತುವೂ ಕಲೆಯೇ ಎಂಬುದು ಆ ಸಂಗ್ರಹದ ತಾತ್ಪರ್ಯ.

ಕೂಡ್ಲಿಗಿಯ ಸೀಮೆಗೆ ಈ ಮಾತು ಹೊಸದಲ್ಲ. ಲಂಬಾಣಿ ಹೆಂಗಸರು ಲಂಗ, ರವಿಕೆಗಳಲ್ಲಿ ಕನ್ನಡಿಯ ಚೂರು, ಕವಡೆಗಳನ್ನು ಕೂಡಿಸಿ ಹೊಲಿಯುತ್ತ ಬಂದಿದ್ದಾರೆ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ 1,755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು.

ಆದರೆ ವರ್ಣಚಿತ್ರದ ಅಂಚಿನಲ್ಲಿ ಚಿತ್ರಕಾರನ ರುಜು ಉಳಿಯುತ್ತದೆ; ಹಳೆಯ ಲಂಗದಲ್ಲಿ ಹೊಲಿದವಳ ಹೆಸರು ಉಳಿಯುವುದಿಲ್ಲ. ಅಜ್ಜಿ ಕಣ್ಮುಚ್ಚಿದ ಮೇಲೆ, ಅದನ್ನು ಯಾರ ಮದುವೆಗೆ ಹೊಲಿದದ್ದೆಂದು ಹೇಳುವವರಿಲ್ಲ. ಅಂಥ ಬಟ್ಟೆ ನಾಳೆ ಯಾವ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಸೇರಿದರೂ ಅನಾಮಧೇಯವೇ. ಟ್ರಂಕಿನಲ್ಲಿ ಮಡಿಚಿಟ್ಟ ಲಂಗದೊಡನೆ ಹೊಲಿದವಳ ಹೆಸರು, ತಾಂಡಾ, ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದಿಡುವುದಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.