ಕಾಯ್ದು ಒಪ್ಪಿಸಿದ ಗಾದಿ
ಶ್ರೀ ಎಸ್. ಆರ್. ಕಂಠಿಯವರ ಸಾರ್ವಜನಿಕ ಜೀವನ

ಅಧಿಕಾರವನ್ನು ಗಳಿಸಿದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೈಗೆ ಬಂದ ಅಧಿಕಾರವನ್ನು ಹೇಳಿದ ಹೊತ್ತಿಗೆ ಒಪ್ಪಿಸಿ, ಏನೂ ಆಗದವರಂತೆ ಮರುದಿನದಿಂದ ಬೇರೆ ಕೆಲಸಕ್ಕೆ ಕುಳಿತವರ ಕಥೆಗಳು ಬಹಳ ವಿರಳ. ಪರೀಕ್ಷೆಗೆ ಓದುವ ನಮ್ಮ ಮಕ್ಕಳು ಕರ್ನಾಟಕದ ಮುಖ್ಯಮಂತ್ರಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವಾಗ ಶ್ರೀ ಬಿ. ಡಿ. ಜತ್ತಿಯವರ ಹೆಸರಾದ ಮೇಲೆ, ಶ್ರೀ ಎಸ್. ನಿಜಲಿಂಗಪ್ಪನವರ ಹೆಸರು ಎರಡನೆಯ ಸಲ ಬರುವ ಮುನ್ನ, ಒಂದು ಹೆಸರಿನ ಬಳಿ ತಡವರಿಸುತ್ತಾರೆ. ಅದು ಶಿವಲಿಂಗಪ್ಪ ರುದ್ರಪ್ಪ ಕಂಠಿಯವರ ಹೆಸರು. ಅವರ ಅಧಿಕಾರಾವಧಿ ನೂರು ದಿನ ತುಂಬಲಿಲ್ಲ. ಆದುದರಿಂದಲೇ ಮರೆವು ಸುಲಭ. ಆದರೆ ಆ ಅಲ್ಪಾವಧಿಯಲ್ಲಿ ಅವರು ನಡೆದುಕೊಂಡ ರೀತಿಯನ್ನು ಮರೆಯುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ಕಂಠಿಯವರು ಹುಟ್ಟಿದುದು 1908ರ ಡಿಸೆಂಬರ್ 21ರಂದು, ಆಗ ಬಿಜಾಪುರ ಜಿಲ್ಲೆಗೆ ಸೇರಿದ್ದ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಕೆರೂರಿನಲ್ಲಿ. ಬಾದಾಮಿಯ ನೆರೆಯ ಆ ಸೀಮೆ ಬಿಸಿಲಿಗೂ ಬರಕ್ಕೂ ಹೆಸರಾದುದು. ಅಂದಿನ ದಿನಗಳಲ್ಲಿ ಅಲ್ಲಿಯ ಹುಡುಗನೊಬ್ಬ ಕಾಲೇಜು ಓದಬೇಕಾದರೆ ಊರು ಬಿಡದೆ ಗತಿಯಿರಲಿಲ್ಲ. ಕಂಠಿಯವರು ಕೊಲ್ಹಾಪುರಕ್ಕೆ ಹೋದರು. ರಾಜಾರಾಮ ಕಾಲೇಜಿನಲ್ಲಿ ಬಿ. ಎ. ಮುಗಿಸಿ, ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿಯೇ ಕಾನೂನು ಓದಿದರು. ಜಮಖಂಡಿಯ ಕಡೆಯ ಸಾವಳಗಿಯಿಂದ ಬಂದ ಬಿ. ಡಿ. ಜತ್ತಿಯವರು ಓದಿದುದೂ ಇದೇ ಊರಿನ ಇವೇ ಕಾಲೇಜುಗಳಲ್ಲಿ. ನಿಜಲಿಂಗಪ್ಪನವರು ಕಾನೂನು ಕಲಿತುದು ಪುಣೆಯಲ್ಲಿ. ಕನ್ನಡ ನಾಡಿನ ಮೂವರು ಮುಖ್ಯಮಂತ್ರಿಗಳು ಮರಾಠಿ ಊರುಗಳಲ್ಲಿ ವಕೀಲರಾಗಿ ಸಿದ್ಧರಾದರೆಂಬುದನ್ನು, ಇಂದು ಅದೇ ಊರುಗಳಲ್ಲಿ ಮನೆ ಮಾಡಿಕೊಂಡಿರುವ ನಾವು ನೆನಪಿನಲ್ಲಿಟ್ಟುಕೊಳ್ಳಬಹುದು.

ಆ ತಲೆಮಾರಿನ ಮುಂದಾಳುಗಳಲ್ಲಿ ವಕೀಲರೇ ಏಕೆ ಅಷ್ಟು ಮಂದಿ? ಕಾರಣ ಗೂಢವೇನಲ್ಲ. ಹಳ್ಳಿಯ ರೈತನಿಗೂ ಸರಕಾರಕ್ಕೂ ನಡುವೆ ನಿಂತು, ಇವನ ಮಾತನ್ನು ಅವರ ಭಾಷೆಯಲ್ಲಿ ಹೇಳಬಲ್ಲವನು ವಕೀಲನೊಬ್ಬನೇ ಆಗಿದ್ದ. ಹಿಸ್ಸೆ, ಸಾಲ, ಜಪ್ತಿ, ಗೇಣಿ ಎಂದು ಕೋರ್ಟಿಗೆ ಬಂದವರ ಕಷ್ಟವನ್ನು ಕೇಳಿ ಕೇಳಿ ಅವನಿಗೆ ತಾಲೂಕಿನ ನಾಡಿ ತಿಳಿದಿರುತ್ತಿತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಅಭ್ಯಾಸವಿದೆ. ವಕೀಲನು ವಾದಿಸುವುದು ತನ್ನ ಹಕ್ಕಿಗಾಗಿ ಅಲ್ಲ, ಇನ್ನೊಬ್ಬನ ಹಕ್ಕಿಗಾಗಿ. ವಕಾಲತ್ತು ಅವನ ಕೈಯಲ್ಲಿದ್ದರೂ ಸ್ವತ್ತು ಕಕ್ಷಿಗಾರನದು. ದಾವೆ ಮುಗಿದ ಮೇಲೆ ಕಾಗದಪತ್ರಗಳನ್ನು ಕಟ್ಟಿ ಹಿಂದಿರುಗಿಸಬೇಕು. ಕಂಠಿಯವರ ಮುಂದಿನ ಬಾಳನ್ನು ನೋಡಿದರೆ ಈ ಪಾಠವನ್ನು ಅವರು ಕೋರ್ಟಿನಲ್ಲಿಯೇ ಬಿಟ್ಟುಬರಲಿಲ್ಲವೆಂದು ಕಾಣುತ್ತದೆ.

ವಕೀಲಿಯಿಂದ ಸ್ವಾತಂತ್ರ್ಯ ಚಳವಳಿಗೂ, ಚಳವಳಿಯಿಂದ ಶಾಸನಸಭೆಗೂ ಅವರು ಬಂದರು. 1952ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಹುನಗುಂದದಿಂದ ಮುಂಬಯಿ ವಿಧಾನಸಭೆಗೆ ಆರಿಸಿ ಬಂದರು. ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ರಾಜ್ಯದಲ್ಲಿದ್ದುವು. ಸಭೆಯ 315 ಸ್ಥಾನಗಳಲ್ಲಿ ಮರಾಠಿಗರೂ ಗುಜರಾತಿಗಳೂ ಹೆಚ್ಚಿನವರು, ಕನ್ನಡಿಗರು ಅಲ್ಪಸಂಖ್ಯಾತರು. ಅಂಥ ಸಭೆ ಅದೇ ವರ್ಷ ಹುನಗುಂದದ ವಕೀಲರನ್ನು ತನ್ನ ಉಪಸಭಾಧ್ಯಕ್ಷರನ್ನಾಗಿ ಆರಿಸಿತು. ಮುಂಬಯಿಯ ಕೋಟೆ ವಿಭಾಗದಲ್ಲಿ, ರೀಗಲ್ ಚಿತ್ರಮಂದಿರದ ಎದುರಿಗೆ, ಹಿಂದೆ ನಾವಿಕರ ವಸತಿಗೃಹವಾಗಿದ್ದ ಒಂದು ಹಳೆಯ ಕಲ್ಲಿನ ಕಟ್ಟಡವಿದೆ. ಈಗ ಅದು ಮಹಾರಾಷ್ಟ್ರ ಪೋಲೀಸರ ಮುಖ್ಯ ಕಚೇರಿ. ಅಂದು ಕೌನ್ಸಿಲ್ ಹಾಲ್ ಎನಿಸಿಕೊಂಡಿದ್ದ ಆ ಕಟ್ಟಡದಲ್ಲಿಯೇ ಸಭೆ ಸೇರುತ್ತಿತ್ತು. ನಮ್ಮಲ್ಲಿ ಎಷ್ಟೋ ಜನ ದಿನವೂ ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುತ್ತೇವೆ; ಕನ್ನಡಿಗರೊಬ್ಬರು ಅಲ್ಲಿಯ ಪೀಠದಲ್ಲಿ ಕುಳಿತು ಸಭೆ ನಡೆಸಿದ್ದರೆಂದು ತಿಳಿದವರು ಕಡಿಮೆ.

ಅವು ಶಾಂತ ದಿನಗಳಾಗಿರಲಿಲ್ಲ. ಮರಾಠಿಗರಿಗೆ ಸಂಯುಕ್ತ ಮಹಾರಾಷ್ಟ್ರ, ಗುಜರಾತಿಗಳಿಗೆ ಮಹಾಗುಜರಾತ, ನಮಗೆ ಏಕೀಕೃತ ಕರ್ನಾಟಕ. ಒಂದೇ ಸಭೆಯಲ್ಲಿ ಮೂರು ಕನಸುಗಳು. 1955ರ ನವೆಂಬರ್ 21ರಂದು ಕೌನ್ಸಿಲ್ ಹಾಲಿನತ್ತ ಹೊರಟ ಜನರ ಮೇಲೆ ಫ್ಲೋರಾ ಫೌಂಟನ್ ಬಳಿ ಗುಂಡು ಹಾರಿತು. ಇಂದು ಅಲ್ಲಿ ಹುತಾತ್ಮ ಚೌಕವಿದೆ. ಇಂಥ ಕಾಲದಲ್ಲಿ ಪೀಠದ ಮೇಲಿರುವವನು ಯಾರ ಕಡೆಗೂ ವಾಲುವಂತಿಲ್ಲ. ಅದರಲ್ಲಿಯೂ ಉಪಸಭಾಧ್ಯಕ್ಷನ ಸ್ಥಾನ ವಿಚಿತ್ರವಾದುದು. ಸಂವಿಧಾನದ 180ನೆಯ ಅನುಚ್ಛೇದದಂತೆ ಸಭಾಧ್ಯಕ್ಷರಿಲ್ಲದಾಗ ಆ ಪೀಠದ ಸಂಪೂರ್ಣ ಅಧಿಕಾರ ಅವನದು. ಅವರು ಬಂದೊಡನೆ ಎದ್ದು ಜಾಗ ಬಿಡಬೇಕು. ಇನ್ನೊಬ್ಬರ ಪೀಠವನ್ನು ಕಾಯುವ ಈ ವಿದ್ಯೆಯನ್ನು ಕಂಠಿಯವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮುಂಬಯಿಯಲ್ಲಿ ಅಭ್ಯಾಸ ಮಾಡಿದರು.

1956ರ ನವೆಂಬರ್ 1ರಂದು ಏಕೀಕರಣವಾಯಿತು. ಮುಂಬಯಿ ಸಭೆಯ ಕನ್ನಡ ಜಿಲ್ಲೆಗಳ ಸದಸ್ಯರು ಮೈಸೂರು ವಿಧಾನಸಭೆಯ ಸದಸ್ಯರಾದರು. ಡಿಸೆಂಬರ್ 19ರಂದು, ಆಗತಾನೆ ಎದ್ದುನಿಂತಿದ್ದ ವಿಧಾನಸೌಧದಲ್ಲಿ ಹೊಸ ರಾಜ್ಯದ ಸಭೆ ಸೇರಿದಾಗ, ಕಂಠಿಯವರು ಅದರ ಸಭಾಧ್ಯಕ್ಷರಾದರು. ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ಹಳೆಯ ಮೈಸೂರಿನವರು, ಮುಂಬಯಿ ಕರ್ನಾಟಕದವರು, ಹೈದರಾಬಾದಿನ ಕಡೆಯವರು, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದವರು, ಕೊಡಗಿನವರು. ಬೇರೆ ಬೇರೆ ಸರಕಾರಗಳ ಕೆಳಗೆ, ಬೇರೆ ಬೇರೆ ಕಾನೂನುಗಳಿಗೆ ಒಗ್ಗಿಕೊಂಡಿದ್ದವರು ಒಂದೇ ಸೂರಿನಡಿ ಕುಳಿತಿದ್ದರು. ಒಂದೊಂದು ಭಾಗದಲ್ಲಿ ಭೂಮಿಯ ಕಾಯಿದೆ ಒಂದೊಂದು ಬಗೆ, ಪಂಚಾಯಿತಿ ಒಂದೊಂದು ಬಗೆ. ಇವನ್ನು ಒಂದುಗೂಡಿಸುವ ಕೆಲಸ ಸಭೆಯದಾಗಿತ್ತು. 1959ರ ಗ್ರಾಮಪಂಚಾಯಿತಿ ಕಾಯಿದೆಯೂ, 1961ರ ಭೂಸುಧಾರಣಾ ಶಾಸನವೂ ಅವರು ಪೀಠದಲ್ಲಿದ್ದ ಕಾಲದವು. ನಕ್ಷೆಯ ಮೇಲೆ ಒಂದಾದ ನಾಡು ಕಾನೂನಿನಲ್ಲಿ ಒಂದಾದುದು ಇಂಥ ದೀರ್ಘ ಚರ್ಚೆಗಳಿಂದ. 1962ರ ಮಾರ್ಚ್ 9ರ ವರೆಗೆ ಅವರು ಆ ಪೀಠದಲ್ಲಿದ್ದರು.

ಅದೇ ತಿಂಗಳು ಅವರ ಬಾಳಿನ ದೊಡ್ಡ ಪರೀಕ್ಷೆ ಬಂದಿತು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ಸು 208ರಲ್ಲಿ 138 ಸ್ಥಾನ ಗೆದ್ದಿತು. ಆದರೆ ಅದರ ಮುಂದಾಳು ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಸೈನ್ಯ ಗೆದ್ದು ಸೇನಾಪತಿ ಬಿದ್ದಂತಾಯಿತು. ಇಂಥ ಸಂದರ್ಭಕ್ಕೆ ಸಂವಿಧಾನ ಒಂದು ದಾರಿ ಇಟ್ಟಿದೆ. 164ನೆಯ ಅನುಚ್ಛೇದದಂತೆ ಸದಸ್ಯನಲ್ಲದವನೂ ಮಂತ್ರಿಯಾಗಬಹುದು. ಆರು ತಿಂಗಳೊಳಗೆ ಸದಸ್ಯತ್ವ ಪಡೆಯಬೇಕು, ಅಷ್ಟೆ. 1952ರಲ್ಲಿ ಶ್ರೀ ಮೊರಾರಜಿ ದೇಸಾಯಿಯವರು ತಮ್ಮ ಕ್ಷೇತ್ರದಲ್ಲಿ ಸೋತರೂ ಮುಂಬಯಿಯ ಮುಖ್ಯಮಂತ್ರಿಯಾದರು. ಉಪಚುನಾವಣೆಯಲ್ಲಿ ಗೆದ್ದುದು ಆಮೇಲೆ. ಕಂಠಿಯವರು ಇದನ್ನು ಅದೇ ಸಭೆಯಲ್ಲಿದ್ದು ಕಂಡವರು. ಅದೇ ವರ್ಷ ಮದರಾಸಿನಲ್ಲಿ ರಾಜಾಜಿಯವರು ಚುನಾವಣೆಗೇ ನಿಲ್ಲದೆ, ಮೇಲ್ಮನೆಗೆ ನಾಮಕರಣ ಹೊಂದಿ ಮುಖ್ಯಮಂತ್ರಿಯಾದರು. ಇತ್ತೀಚೆಗೆ 2021ರಲ್ಲಿ ಬಂಗಾಳದಲ್ಲಿಯೂ 2022ರಲ್ಲಿ ಉತ್ತರಾಖಂಡದಲ್ಲಿಯೂ ಸೋತ ಮುಂದಾಳುಗಳು ಇದೇ ಆರು ತಿಂಗಳ ದಾರಿ ಹಿಡಿದರು.

ಮೈಸೂರು ಮೂರನೆಯ ದಾರಿ ಹಿಡಿಯಿತು. ಸೋತವರು ಮತ್ತೆ ಗೆದ್ದು ಬರುವ ವರೆಗೆ ಗೆದ್ದವರೊಬ್ಬರು ಗಾದಿಯನ್ನು ನೋಡಿಕೊಳ್ಳುವುದು. ಆರಿಸಿದುದು ನಿಜಲಿಂಗಪ್ಪನವರ ಆಪ್ತರಾದ ಕಂಠಿಯವರನ್ನು. ಮಾರ್ಚ್ 14ರಂದು ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಬಾಗಲಕೋಟೆಯಿಂದ ಗೆದ್ದಿದ್ದ ಶ್ರೀ ಮುರನಾಳರು ತಮ್ಮ ಸ್ಥಾನ ತೆರವು ಮಾಡಿದರು. ಅಲ್ಲಿಂದ ನಿಜಲಿಂಗಪ್ಪನವರು ಆರಿಸಿ ಬಂದರು. ಜೂನ್ 20ಕ್ಕೆ ಕಂಠಿಯವರ ಆಡಳಿತ ಮುಗಿಯಿತು. ಮರುದಿನ ನಿಜಲಿಂಗಪ್ಪನವರು ಅಧಿಕಾರಕ್ಕೆ ಬಂದರು. ಕಂಠಿಯವರು ಅವರ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಯಾಗಿ ದುಡಿದರು.

ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಇದರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಮೇಲಧಿಕಾರಿ ರಜೆಯ ಮೇಲೆ ಹೋದಾಗ ಚಾರ್ಜು ವಹಿಸಿಕೊಂಡ ಎಷ್ಟು ಮಂದಿ, ಅವರು ಹಿಂದಿರುಗಿದ ದಿನ ನಗುಮುಖದಿಂದ ಬೀಗದ ಕೈ ಕೊಟ್ಟಿದ್ದಾರೆ? ಒಂದು ತಿಂಗಳ ಚಾರ್ಜು ಬಿಡುವುದಕ್ಕೇ ಮನಸ್ಸು ಒಪ್ಪದು. ನಿನ್ನೆ ತನ್ನ ಮೇಜಿಗೆ ಕಡತ ತರುತ್ತಿದ್ದವರ ಸಾಲಿನಲ್ಲಿ ನಾಳೆ ತಾನೇ ನಿಲ್ಲಬೇಕಲ್ಲಾ ಎಂಬ ಸಂಕೋಚ ಬೇರೆ. ರಾಜಕೀಯದಲ್ಲಿ ಇದರ ಕಹಿಯನ್ನು ದೇಶ ಕಂಡಿದೆ. 2014ರಲ್ಲಿ ಬಿಹಾರದಲ್ಲಿ ಗಾದಿ ಕಾಯಲು ಕುಳ್ಳಿರಿಸಲ್ಪಟ್ಟವರು ಮರುವರ್ಷ ಏಳೆಂದಾಗ ಏಳಲೊಪ್ಪದೆ ದೊಡ್ಡ ರಂಪವೇ ಆಯಿತು. ತಮಿಳುನಾಡಿನಲ್ಲಿ 2001ರಲ್ಲಿಯೂ 2014ರಲ್ಲಿಯೂ ಹಾಗೆ ಕುಳಿತವರು ಮರಳಿ ಒಪ್ಪಿಸಿದ್ದೂ ಉಂಟು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಇದರಲ್ಲಿ ಕಂಠಿಯವರ ಹಿರಿಮೆಯೇನು, ಪಕ್ಷದೊಳಗಿನ ಗುಂಪು ಹೇಳಿತು, ಇವರು ಕೇಳಿದರು, ಅಷ್ಟೇ ಅಲ್ಲವೆ ಎಂದು ಕೆಲವರು ಕೇಳಬಹುದು. ಐದು ದಿನದ ಹಿಂದೆ ಪಕ್ಷಾತೀತವಾಗಿ ಸಭಾಧ್ಯಕ್ಷ ಪೀಠದಲ್ಲಿದ್ದವರು ಪಕ್ಷದ ಮುಖ್ಯಮಂತ್ರಿಯಾಗುವುದು ಶೋಭೆಯೆ ಎಂದೂ ಕೇಳಬಹುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ನಮ್ಮ ದೇಶ ಇಂದಿಗೂ ಸರಿಯಾದ ಉತ್ತರ ಕಂಡುಕೊಂಡಿಲ್ಲ. ಒಮ್ಮೆ ಸಭಾಧ್ಯಕ್ಷರಾದವರು ಪಕ್ಷಕ್ಕೆ ಹಿಂದಿರುಗಬಾರದೆಂಬ ಪದ್ಧತಿ ನಮ್ಮಲ್ಲಿ ಬೇರೂರಲೇ ಇಲ್ಲ. ಮೊದಲನೆಯದಕ್ಕೆ ನಾವು ಹೇಳುವುದಿಷ್ಟು. ಪ್ರಮಾಣವಚನ ಮುಗಿದ ಕ್ಷಣದಿಂದ ಕಾನೂನಿನ ಮುಂದೆ ಕಂಠಿಯವರು ಪೂರ್ಣ ಮುಖ್ಯಮಂತ್ರಿ. ‘ತಾತ್ಕಾಲಿಕ ಮುಖ್ಯಮಂತ್ರಿ’ ಎಂಬ ಹುದ್ದೆ ಸಂವಿಧಾನದಲ್ಲಿಲ್ಲ. ಅವರನ್ನು ಎಬ್ಬಿಸುವ ಕಾಗದಪತ್ರ ಯಾರ ಬಳಿಯೂ ಇರಲಿಲ್ಲ. ಇದ್ದುದು ಕೊಟ್ಟ ಮಾತೊಂದೇ. ಕಾನೂನು ಬಲ್ಲವರಿಗೆ ಇದು ತಿಳಿಯದೆ ಇರಲಿಲ್ಲ. ತಿಳಿದೂ ಮಾತಿನಂತೆ ನಡೆದರು. ರಾಮಾಯಣದ ಭರತನಿಗೆ ಅವರನ್ನು ಹೋಲಿಸುವುದು ಇದಕ್ಕಾಗಿ. ಭರತನು ಕಾದುದು ಹದಿನಾಲ್ಕು ವರ್ಷ, ಇವರು ಮೂರು ತಿಂಗಳು. ಆದರೆ ಪರೀಕ್ಷೆ ಕಾಲದ ಉದ್ದದಲ್ಲಿಲ್ಲ, ಒಪ್ಪಿಸುವ ಗಳಿಗೆಯಲ್ಲಿದೆ.

ವಿದ್ಯಾಮಂತ್ರಿಯಾಗಿ ಅವರಿಗೆ ಪ್ರಿಯವಾದ ವಿಷಯ ಶಿಸ್ತಿನ ಶಿಕ್ಷಣ. 1963ರಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಅದು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೂ ಅಂಥದೇ ಶಾಲೆ ಬೇಕೆಂದು ಕಂಠಿಯವರು ಮುಂದಾಗಿ, 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿ ಸೈನಿಕ ಶಾಲೆ ತಲೆಯೆತ್ತಿತು. 1824ರಲ್ಲಿ ರಾಣಿಯೊಬ್ಬಳು ಇಂಗ್ಲಿಷರ ವಿರುದ್ಧ ಕತ್ತಿ ಹಿಡಿದ ನೆಲದಲ್ಲಿ ಹುಡುಗಿಯರು ಕವಾಯತು ಕಲಿತರು. ದೇಶದ ಸೈನಿಕ ಶಾಲೆಗಳೆಲ್ಲ ಹೆಣ್ಣುಮಕ್ಕಳಿಗೆ ತೆರೆಯುವುವೆಂದು ಪ್ರಧಾನಮಂತ್ರಿಗಳು ಸಾರಿದುದು 2021ರ ಆಗಸ್ಟ್ 15ರಂದು. ಹುನಗುಂದದ ವಕೀಲರಿಗೆ ಆ ಯೋಚನೆ ಅರ್ಧ ಶತಮಾನ ಮೊದಲೇ ಬಂದಿತ್ತು. ಶಾಲೆ ತೆರೆದ ವರ್ಷವೇ, 1969ರ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಅವರ ಸಮಕಾಲೀನರಾದ ಜತ್ತಿಯವರಿಗೂ ಮುಂದೆ ಇಂಥದೇ ಕರ್ತವ್ಯ ಬಂದುದು ಒಂದು ಸೋಜಿಗ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ತೀರಿಕೊಂಡಾಗ, ಉಪರಾಷ್ಟ್ರಪತಿಯಾಗಿದ್ದ ಅವರು ಜುಲೈ ತನಕ ರಾಷ್ಟ್ರಪತಿ ಪದವಿಯ ಕಾರ್ಯಭಾರ ಹೊತ್ತು ಬಳಿಕ ಒಪ್ಪಿಸಿದರು. ಕೊಲ್ಹಾಪುರದ ಒಂದೇ ಲಾ ಕಾಲೇಜಿನ ಇಬ್ಬರು, ಒಬ್ಬರು ರಾಜ್ಯದ ಗಾದಿಯನ್ನು, ಇನ್ನೊಬ್ಬರು ದೇಶದ ಗಾದಿಯನ್ನು ಕಾಯ್ದರು.

ಮುಂಬಯಿ, ಪುಣೆಗಳಿಂದ ಧಾರವಾಡ, ಬೆಂಗಳೂರುಗಳಿಗೆ ಹೋಗುವ ಹೆದ್ದಾರಿ ಬೆಳಗಾವಿ ದಾಟಿದ ಮೇಲೆ ಕಿತ್ತೂರಿನ ಪಕ್ಕದಲ್ಲಿಯೇ ಸಾಗುತ್ತದೆ. ಬೇಸಿಗೆಯ ರಜೆಗೆ ಊರಿಗೆ ಹೊರಟ ನಮ್ಮ ಕುಟುಂಬಗಳು ಅಲ್ಲಿ ಚಹಕ್ಕೆಂದು ನಿಂತಾಗ ಮಕ್ಕಳಿಗೆ ಚೆನ್ನಮ್ಮನ ಕೋಟೆಯನ್ನು ತೋರಿಸುವುದು ವಾಡಿಕೆ. ಜೊತೆಗೆ ಆ ಶಾಲೆಯನ್ನೂ ತೋರಿಸಿ, ಅದನ್ನು ಕಟ್ಟಿಸಿದವರು ಒಮ್ಮೆ ಮುಖ್ಯಮಂತ್ರಿಯಾಗಿದ್ದರು, ಕೊಟ್ಟ ಮಾತಿಗಾಗಿ ಆ ಪದವಿಯನ್ನು ಬಿಟ್ಟರು ಎಂದು ಹೇಳಬೇಕು. ಹೆಣ್ಣುಮಕ್ಕಳಿರುವ ಮನೆಯವರಂತೂ ತಪ್ಪದೆ ಹೇಳಬೇಕು.