ಮಳೆಯ ಲೆಕ್ಕ ಎರಡಾದಾಗ: ಕಡತಗಳನ್ನು ಹೋಲಿಸುವ ‘ಡಿಫ್’

ಶಾಲೆಯ ಮಳೆಮಾಪಕದ ದಾಖಲೆಯನ್ನು ಇಬ್ಬರು ಮಕ್ಕಳು ಪ್ರತ್ಯೇಕವಾಗಿ ಕಂಪ್ಯೂಟರಿಗೆ ಏರಿಸಿದರೆ ತಿಂಗಳ ಮೊತ್ತ ಒಂದೇ ಬರಬೇಕು. ಬಾರದಿದ್ದರೆ ತಪ್ಪು ಯಾವ ದಿನದ್ದು? ಅದನ್ನು ಕ್ಷಣದಲ್ಲಿ ತೋರಿಸುವ ಸಾಧನ ‘ಡಿಫ್’. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್‌ಗಾಗಿ ರೂಪುಗೊಂಡ ಇದು ಇಂದು ಲಿನಕ್ಸ್‌ನಲ್ಲಿಯೂ ಇದೆ. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ನೀಡುವ ವ್ಯವಸ್ಥೆ ಲಿನಕ್ಸ್ ಆದುದರಿಂದ ಕಾಸರಗೋಡಿನ ನಮ್ಮ ಮಕ್ಕಳಿಗೆ ಇದು ಖರ್ಚಿಲ್ಲದೆ ಕೈಗೆಟಕುತ್ತದೆ.

ದಿನಕ್ಕೊಂದು ಸಾಲಿನಂತೆ ಬರೆದ ಕಡತಗಳನ್ನು ಸಿಎಸ್‌ವಿ ರೂಪದಲ್ಲಿ ಉಳಿಸಬೇಕು. ಅವುಗಳಿರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಡಿ-ಐ-ಎಫ್-ಎಫ್ ಎಂದು ಟೈಪಿಸಿ, ಎರಡೂ ಕಡತಗಳ ಹೆಸರನ್ನು ಜಾಗ ಬಿಟ್ಟು ಕೊಟ್ಟು ಎಂಟರ್ ಒತ್ತಬೇಕು. ವ್ಯತ್ಯಾಸವಿಲ್ಲದಿದ್ದರೆ ಉತ್ತರವೇ ಬರುವುದಿಲ್ಲ; ಮೌನವೇ ಸಮ್ಮತಿ. ಏಳನೆಯ ಸಾಲಿನಲ್ಲಿ ಒಬ್ಬರು 47.5, ಇನ್ನೊಬ್ಬರು 74.5 ಎಂದು ಬರೆದಿದ್ದರೆ ‘7ಸಿ7’ ಎಂಬ ಗುರುತಿನ ಕೆಳಗೆ ಎರಡೂ ಸಾಲುಗಳು ಕಾಣಿಸುತ್ತವೆ. ‘<’ ಚಿಹ್ನೆಯದು ಮೊದಲ ಕಡತದ ಸಾಲು, ‘>’ ಚಿಹ್ನೆಯದು ಎರಡನೆಯದರ ಸಾಲು.

ಆದರೆ ಡಿಫ್ ನೋಡುವುದು ಬರವಣಿಗೆಯನ್ನು, ಬೆಲೆಯನ್ನಲ್ಲ. 12.5 ಮತ್ತು 12.50 ಅದಕ್ಕೆ ಬೇರೆ ಬೇರೆ, 12.5 ಮತ್ತು ೧೨.೫ ಕೂಡ ಹಾಗೆಯೇ. ಕನ್ನಡ ಅಂಕಿಯೋ ಇಂಗ್ಲಿಷ್ ಅಂಕಿಯೋ, ದಶಮಾಂಶ ಸ್ಥಾನಗಳೆಷ್ಟು ಎಂಬುದನ್ನು ನಾವು ಮೊದಲೇ ನಿಶ್ಚಯಿಸಬೇಕು. ವಿಜ್ಞಾನಿಗಳ ಎಚ್‌ಡಿಎಫ್5 ಕಡತಗಳಿಗೆಂದೇ ಇರುವ ‘ಎಚ್5ಡಿಫ್’ನಲ್ಲಿ, ಇಂತಿಷ್ಟರೊಳಗಿನ ವ್ಯತ್ಯಾಸವನ್ನು ಬಿಟ್ಟುಬಿಡುವಂತೆ ಮಿತಿ ವಿಧಿಸಬಹುದು.

ಎರಡರಲ್ಲಿ ಸರಿ ಯಾವುದೆಂದು ಯಾವ ಸಾಧನವೂ ಹೇಳದು. ಇಬ್ಬರೂ ಒಂದೇ ತಪ್ಪು ಮಾಡಿದ್ದರೆ ಡಿಫ್ ಮೌನವಾಗಿರುತ್ತದೆ. ಮಳೆಮಾಪಕದ ಬಳಿ ನಿಂತು ಬರೆದ ಮೂಲ ಪುಸ್ತಕವೇ ಪ್ರಮಾಣ. ಅದನ್ನು ಜೋಪಾನವಾಗಿರಿಸಲು ಮಕ್ಕಳಿಗೆ ಕಲಿಸೋಣ.