ಹಳದಿ ದೀಪ, ಕೆಂಪು ದೀಪ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವಾಗ ನಮ್ಮ ಕಾರಿನಲ್ಲಿ ಹಳದಿ ಎಬಿಎಸ್ ದೀಪ ಹತ್ತಿಕೊಂಡಿತು. ಅಮ್ಮಿ "ನಿಲ್ಲಿಸಿ" ಎಂದರು. ಅಬ್ಬಾ "ಬ್ರೇಕ್ ಹಿಡಿಯುತ್ತಿದೆಯಲ್ಲ" ಎಂದರು. ಇಬ್ಬರ ಮಾತಲ್ಲೂ ಅರ್ಧ ನಿಜ.

ಚಕ್ರದ ಪಕ್ಕದ ಸೆನ್ಸರ್ ವೇಗ ಅಳೆಯುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಸುತ್ತದೆ. ಹಳದಿ ದೀಪವೊಂದೇ ಉರಿದರೆ ಸಾಮಾನ್ಯವಾಗಿ ಬ್ರೇಕ್ ಇರುತ್ತದೆ, ಈ ಕಾವಲು ಇರುವುದಿಲ್ಲ. ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಕೆಂಪು ದೀಪವೂ ಉರಿದರೆ ಹ್ಯಾಂಡ್‌ಬ್ರೇಕ್ ನೋಡಿ. ಅದನ್ನು ಇಳಿಸಿದರೂ ಆರದಿದ್ದರೆ ಕಾರು ಓಡಿಸಲೇಬೇಡಿ.

ಬ್ರೇಕ್ ಆಯಿಲ್ 'ಮಿನ್' ಗೆರೆಗಿಂತ ಇಳಿದಿದ್ದರೆ ಸುರಿದು ಸುಮ್ಮನಾಗಬಾರದು. ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ನಮ್ಮದರಲ್ಲಿ ಆಯಿಲ್ ಸರಿಯಿತ್ತು. ಟಾರ್ಚ್ ಹಿಡಿದು ನೋಡಿದರೆ ಮುಂದಿನ ಎಡಚಕ್ರದ ಸೆನ್ಸರ್ ವೈರನ್ನು ಇಲಿ ಕಡಿದಿತ್ತು! ಟೇಪ್ ಸುತ್ತೋಣ ಎಂದೆ ನಾನು. ಅಬ್ಬಾ ಒಪ್ಪಲಿಲ್ಲ, ಮೆಕ್ಯಾನಿಕ್ ಹೊಸದು ಹಾಕಿದರು.